ಕೆಳಗಿನ ಮನೆಯ ತಂಪು

ಮೊನ್ನೆ ಮಾನ್ವಿಯಲ್ಲಿ ನಮ್ಮ ಓಣಿಯ ಹಳೆಯ ಮಠದ ಗೋಡೆ ದುರಸ್ತಿಗೆಂದು ಹೊಂಡದಲ್ಲಿ ಸುಣ್ಣ ನೆನೆಹಾಕಿ, ಮೇಲೆ ಬೆಲ್ಲದ ನೀರು ಸುರಿದಿದ್ದರು. ಆ ಹುಳಿಹುಳಿ ವಾಸನೆ ಮೂಗಿಗೆ ತಾಕಿದ್ದೇ ತಡ, ಕೊತ್ತಂಬರಿ ಕಟ್ಟು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ವಾಸನೆಯಿಂದ ಕೆಲವರಿಗೆ ತಾಯಿ ನೆನಪಾಗುತ್ತಾಳೆ, ಕೆಲವರಿಗೆ ಶಾಲೆ. ನನಗೆ ನೆನಪಾದದ್ದು ನನ್ನ ಹೊಟ್ಟೆಕಿಚ್ಚು.

ಎಪ್ಪತ್ತರ ದಶಕದ ನಡುವಿನ ಮಾತು. ರಾಯಚೂರಿನ ಹಳೇ ಪೇಟೆಯಲ್ಲಿ ನಿಜಾಮರ ಕಾಲದ ಎರಡಂತಸ್ತಿನ ಮನೆಯೊಂದನ್ನು ವಾರಸುದಾರರು ಎರಡು ಪಾಲು ಮಾಡಿ ಮಾರಿದರು. ಮೇಲಿನದು ನನಗೆ, ಕೆಳಗಿನದು ಮಲ್ಲಣ್ಣನಿಗೆ. ನಾನು ಸರ್ಕಾರಿ ಕಚೇರಿಯ ಗುಮಾಸ್ತ. ಅವನು ಬಸ್ಸು ರಿಪೇರಿ ಮಾಡುವ ಮೆಕ್ಯಾನಿಕ್, ದೇವದುರ್ಗದ ಕಡೆಯ ಜಾಲಹಳ್ಳಿಯಲ್ಲಿ ಕುರಿ ಕಾಯುವ ಮನೆತನದಿಂದ ಬಂದವನು. ಈ ವ್ಯತ್ಯಾಸವನ್ನು ನಾನು ಬಾಯಿಬಿಟ್ಟು ಆಡುತ್ತಿರಲಿಲ್ಲ. ಮನಸ್ಸಿನಲ್ಲೇ ದಿನಾ ಪಾರಾಯಣ ಮಾಡಿಕೊಳ್ಳುತ್ತಿದ್ದೆ, ಅಷ್ಟೇ.

ಹಳೆಯದೆಂದರೆ ನನಗೆ ನಾಚಿಕೆ. ಬಂದ ಆರು ತಿಂಗಳಲ್ಲಿ ಗೋಡೆಗಳ ಸುಣ್ಣದ ಗಿಲಾವು ಕೆತ್ತಿಸಿ ಸಿಮೆಂಟು ಮೆತ್ತಿಸಿದೆ. ನೆಲದ ಫರ್ಸಿ ಕಲ್ಲಿನ ಮೇಲೆ ಮೊಸಾಯಿಕ್ ಹಾಕಿಸಿದೆ. ಬಣ್ಣದ ಗಾಜಿನ ಕಮಾನಿದ್ದ ತೇಗದ ಬಾಗಿಲುಗಳನ್ನು ಕೀಳಿಸಿ ಅಂಗಳಕ್ಕೆ ಒಗೆಸಿದೆ. ಮಲ್ಲಣ್ಣ ಅವುಗಳ ಸುತ್ತ ಎರಡು ಸುತ್ತು ಹಾಕಿ ಕೇಳಿದ: "ಸಾಹೇಬ್ರ, ನಿಮಗ ಬ್ಯಾಡಾಗಿದ್ರ ಇವನ್ನ ನಾ ಇಟ್ಗೊಳ್ಳಲೇನ್ರಿ?"

"ಒಲಿಗೆ ಹಚ್ಚಾಕ ಬೇಕೇನು?" ಅಂದೆ. ನನ್ನ ಮಾತಿಗೆ ನಾನೇ ನಕ್ಕೆ.

ಅವನಿಗೆ ಅವಸರವಿರಲಿಲ್ಲ. ಎರಡು ವರ್ಷ ಮನೆಯನ್ನು ಸುಮ್ಮನೆ ನೋಡಿದ. ಕೆಟ್ಟುನಿಂತ ಎಂಜಿನ್ನನ್ನು ಹೀಗೆಯೇ ನೋಡುತ್ತಿದ್ದನಂತೆ: ಯಾವುದು ಕೆಟ್ಟಿದೆ ಎನ್ನುವುದಕ್ಕಿಂತ ಯಾವುದು ಇನ್ನೂ ಚೆನ್ನಾಗಿದೆ ಎಂದು. ಆಮೇಲೆ ಖಾಜಾಸಾಬ ಎಂಬ ಮುದುಕ ಗೌಂಡಿಯನ್ನು ಹುಡುಕಿ ತಂದ. ಆತ ಸುಣ್ಣ, ಬೆಲ್ಲ, ಅಳಲೆಕಾಯಿ ಎಂದು ವಾರಗಟ್ಟಲೆ ನೆನೆಹಾಕುತ್ತಿದ್ದರೆ ನಾನು ಮೇಲಿಂದ ಮೂಗು ಮುಚ್ಚಿಕೊಳ್ಳುತ್ತಿದ್ದೆ. ಪಡಸಾಲೆಯ ಗೋಡೆಯಲ್ಲಿ ಪದರ ಪದರವಾಗಿ ಕೂತಿದ್ದ ಸುಣ್ಣವನ್ನು ಕೆರೆಯುತ್ತ ಹೋದಾಗ, ಸೂರಿನ ಕೆಳಗೆ ಸುತ್ತಲೂ ಬರೆದ ಹಸಿರು ಬಳ್ಳಿಯೊಂದು ಹೊರಬಿತ್ತು. ಅವನ ಹೆಂಡತಿ ಲಿಂಗಮ್ಮ ಫರ್ಸಿಯನ್ನು ತೆಂಗಿನ ನಾರಿನಿಂದ ಉಜ್ಜಿ ಉಜ್ಜಿ ಕನ್ನಡಿ ಮಾಡಿದಳು. ನಾನು ಒಗೆದ ಬಾಗಿಲುಗಳು ಅವನ ಪಡಸಾಲೆಯಲ್ಲಿ ನಿಂತವು. ಬೆಳಿಗ್ಗೆ ಅವುಗಳ ಗಾಜಿನಿಂದ ಕೆಂಪು, ಹಳದಿ ಬೆಳಕು ಅವನ ನೆಲದ ಮೇಲೆ ಬೀಳುತ್ತಿತ್ತು. ನನ್ನ ಬೆಳಕು, ಅವನ ನೆಲ.

ನಮ್ಮ ಮನೆಗೆಂದು ಬಂದ ನೆಂಟರು ಕೆಳಗೇ ಅರ್ಧ ಗಂಟೆ ನಿಲ್ಲತೊಡಗಿದರು. ಅದನ್ನಾದರೂ ತಡೆದುಕೊಂಡೆ. ಆದರೆ ರಾಯಚೂರಿನ ಬಿಸಿಲು ನಿಮಗೆ ಗೊತ್ತಲ್ಲ. ಸಿಮೆಂಟಿನ ನಮ್ಮ ಮನೆ ಹಂಚಿನಂತೆ ಕಾಯುತ್ತಿತ್ತು. ನನ್ನ ಹೆಂಡತಿ ಶಾಂತಾ ಊಟವಾದದ್ದೇ ಚಾಪೆ ಸುತ್ತಿಕೊಂಡು ಕೆಳಗೆ ಹೋಗುತ್ತಿದ್ದಳು. "ಅಲ್ಲಿ ಅಡ್ಡಾದ್ರ ಮ್ಯಾಲ ಬರಾಕ ಮನಸಾಗಂಗಿಲ್ರಿ" ಎಂದಳು ಒಂದು ದಿನ, ಸಹಜವಾಗಿ. ಇದನ್ನು ತಡೆದುಕೊಳ್ಳಲಾಗಲಿಲ್ಲ.

ಆ ವರ್ಷ ಮಳೆಗಾಲದಲ್ಲಿ ನಮ್ಮ ಬಚ್ಚಲಿನ ಮೂಲೆಯಲ್ಲಿ ನೀರು ಇಂಗುವುದು ಕಂಡಿತು. ಮೊಸಾಯಿಕ್ಕಿಗೂ ಗೋಡೆಗೂ ನಡುವೆ ಬಿರುಕು. ಅದರ ನೇರ ಕೆಳಗೆ ಏನಿದೆ ಎಂದು ನನಗೆ ಗೊತ್ತಿತ್ತು: ಆ ಬಳ್ಳಿ. ಬಿರುಕು ಯಾರಿಗೂ ಕಾಣದಂತೆ ಒಂದು ಗೋಣಿಚೀಲ ಹಾಕಿದೆ. ಮೂರು ತಿಂಗಳು ಅದರ ಪಕ್ಕದಲ್ಲೇ ಕೂತು ಸ್ನಾನ ಮಾಡಿದೆ. ಪ್ರತಿ ತಂಬಿಗೆಗೂ ಒಂದು ಬಗೆಯ ಸಮಾಧಾನವಿತ್ತು, ಸುಳ್ಳೇಕೆ ಹೇಳಲಿ.

ಒಂದು ಮಧ್ಯಾಹ್ನ ಕೆಳಗಿನಿಂದ ಧಪ್ ಎಂದು ಸದ್ದು ಬಂತು. ಓಡಿದೆ. ಮೊಳದಗಲದ ಗಿಲಾವು ಬಳ್ಳಿಯ ಸಮೇತ ಶಾಂತಾಳ ಚಾಪೆಯ ಮೇಲೆ ಬಿದ್ದಿತ್ತು. ನೀರು ಕುಡಿಯಲು ಅವಳು ಆಗಷ್ಟೇ ಎದ್ದಿದ್ದಳು. ಒಂದು ಚೂರು ಮುಂಗೈಗೆ ತಾಗಿ ರಕ್ತ ಬರುತ್ತಿತ್ತು. ತಲೆ ಇರಬೇಕಾದ ಜಾಗದಲ್ಲಿ ದೊಡ್ಡ ಹೆಂಟೆಯೇ ಕೂತಿತ್ತು.

ಮಲ್ಲಣ್ಣ ಒಂದು ಸಲ ಮೇಲೆ ನೋಡಿದ. ನನ್ನ ಹಿಂದೆಯೇ ಮೆಟ್ಟಿಲು ಹತ್ತಿ ಬಂದು ಬಚ್ಚಲಿನ ಗೋಣಿಚೀಲ ಎತ್ತಿದ. ಬಿರುಕನ್ನು ನೋಡಿದ, ಚೀಲವನ್ನು ನೋಡಿದ, ಆಮೇಲೆ ನನ್ನನ್ನು.

"ಎಷ್ಟ ದಿನಾತ್ರಿ?"

"ಶ್ರಾವಣದಿಂದ" ಎಂದೆ. ಸುಳ್ಳು ಹುಟ್ಟಲಿಲ್ಲ.

"ಹೇಳಿದ್ರ ಒಂದ ದಿನದ ಕೆಲಸಿತ್ತು ಸಾಹೇಬ್ರ."

ಮರುದಿನ ಖಾಜಾಸಾಬ ಬಂದು ನನ್ನ ಮೊಸಾಯಿಕ್ ಒಡೆದ. ಅದರಡಿ ಹಳೆಯ ಫರ್ಸಿ ಹದವಾದ ಇಳಿಜಾರಿನಲ್ಲಿ ಹಾಗೇ ಇತ್ತು. ನೀರು ಹೋಗುವ ದಾರಿಯನ್ನು ಮುಚ್ಚಿಸಿದವನು ನಾನೇ. ಕೆಳಗೆ ಗೋಡೆಗೂ ಗಿಲಾವು ಮಾಡಿದ, ಬಳ್ಳಿಯನ್ನು ಮಾತ್ರ ಬರೆಯಲೊಪ್ಪಲಿಲ್ಲ. "ಅದನ್ನ ಬರದಾಂವ ಬ್ಯಾರೆ. ನಾ ಬರದ್ರ ಸುಳ್ಳು ಆಗ್ತದ" ಎಂದ. ಬಳ್ಳಿಯ ನಡುವೆ ಒಂದು ಬಿಳಿ ತುಂಡು ಉಳಿಯಿತು. ಕೇಳಿದವರಿಗೆಲ್ಲ ಮಲ್ಲಣ್ಣ "ಮಳಿ ನೀರು ಇಳೀತ್ರಿ" ಎನ್ನುತ್ತಿದ್ದ. ಹೆಂಡತಿಗೂ ಅಷ್ಟೇ ಹೇಳಿದ್ದ. ಅವನ ಮನೆಗಿಂತ ಅವನ ಆ ಮೌನವೇ ನನ್ನನ್ನು ಹೆಚ್ಚು ಸುಟ್ಟಿತು. ಎಂಬತ್ತರ ದಶಕದಲ್ಲಿ ವರ್ಗವಾದ ನೆಪ ಸಿಕ್ಕಿದ್ದೇ ನನ್ನ ಪಾಲು ಮಾರಿ ಮಾನ್ವಿ ಸೇರಿದೆ.

ಮೊನ್ನೆ ಮಠದಿಂದ ಮನೆಗೆ ಬಂದವನು ಶಾಂತಾಳಿಗೆ ಗೋಣಿಚೀಲದ ಕಥೆಯೆಲ್ಲ ಹೇಳಿದೆ. ಅವಳು ಮುಂಗೈಯ ಹಳೆಯ ಕಲೆ ಸವರಿಕೊಂಡಳು. "ನನಗ ಹೇಳಿ ಮುಗಿಲಿಲ್ರಿ. ಲಿಂಗಮ್ಮನ ಮುಂದ ಹೇಳ್ರಿ" ಎಂದಳು.

ಮರುದಿನವೇ ರಾಯಚೂರಿಗೆ ಹೋದೆವು. ಮಲ್ಲಣ್ಣ ತೀರಿಕೊಂಡು ಮೂರು ವರ್ಷವಾಗಿದೆ. ಲಿಂಗಮ್ಮ ಅದೇ ಪಡಸಾಲೆಯಲ್ಲಿ ಅಕ್ಕಿ ಆರಿಸುತ್ತಿದ್ದಳು. ನಾನು ನಿಂತೇ ಹೇಳಿದೆ. ಅವಳು ಮೊರ ಕೆಳಗಿಟ್ಟಳು.

"ನಮ್ಮವ್ರು ನನಗೂ ಹೇಳ್ಲಿಲ್ಲ ನೋಡ್ರಿ" ಎಂದಳು. ಆಮೇಲೆ ನೆಲದ ಫರ್ಸಿ ಸವರಿದಳು. "ನಿಮ್ಮ ಮೊಸಾಯಿಕ್ ನೋಡಿ ನಾ ಎಷ್ಟ ಉರಕೊಂಡೀನಿ ಗೊತ್ತೇನ್ರಿ ಅಣ್ಣಾರ? ಎರಡ ವರ್ಷ ಅವ್ರ ಕೂಡ ಜಗಳಾಡೀನಿ. ಈ ಕಲ್ಲ ಉಜ್ಜೂಮುಂದ ದಿನಾ ನಿಮಗ ಶಾಪ ಹಾಕೀನಿ."

ಶಾಂತಾ ನಕ್ಕುಬಿಟ್ಟಳು. ಮೂಲೆಯಲ್ಲಿದ್ದ ಚಾಪೆ ಎಳೆದು, ಗೋಡೆಯ ಆ ಬಿಳಿ ತುಂಡಿನ ಕೆಳಗೇ ಹಾಸಿ ಅಡ್ಡಾದಳು. ಎಲ್ಲಿ ಕಾಲಿಡಬೇಕೆಂದು ತಿಳಿಯದೆ ನಾನು ಬಾಗಿಲಲ್ಲೇ ಇದ್ದೆ.

"ಕುಂದರ್ರಿ ಅಣ್ಣಾರ, ತಂಪದ" ಎಂದಳು ಲಿಂಗಮ್ಮ.