ಕುಮಾರಿ ದೊಡ್ಡವ್ವನ ಎಡೆ

ಮಾರ್ಲಾಮಿ ಹಬ್ಬದ ದಿನ ಹಿರಿಯರಿಗೆ ಎಡೆ ಇಟ್ಟು, ಬಾಗಿಲು ಮುಚ್ಚಿ, ಮನೆಮಂದಿಯೆಲ್ಲ ಜಗಲಿಗೆ ಬಂದು ಕೂರುವುದು ಚಂದಕವಾಡಿಯ ಪುಟ್ಟಸಿದ್ದಮ್ಮನ ಮನೆಯ ಪದ್ಧತಿ. ಒಳಗೆ ಸತ್ತವರು ಬಂದು ಉಣ್ಣುತ್ತಾರೆ. ಬದುಕಿರುವವರು ಹೊಟ್ಟೆ ಹಿಡಿದುಕೊಂಡು ಹೊರಗೆ ಕಾಯಬೇಕು. ಮಗಳು ಸುಧಾಮಣಿ ಆ ಹೊತ್ತಿನಲ್ಲೇ ತನ್ನ ಮಾತು ತೆಗೆಯಬೇಕೆಂದುಕೊಂಡಿದ್ದಳು. ಹಬ್ಬದ ದಿನ ಅವ್ವ ಬೈಯುವುದಿಲ್ಲವೆಂಬ ಧೈರ್ಯ.

ಮಾತು ಇಷ್ಟೇ, ಗಿರೀಶನನ್ನು ಮದುವೆಯಾಗುತ್ತೇನೆ ಅಂತ. ಚಾಮರಾಜನಗರದಲ್ಲಿ ಬಸ್ಸು ಬದಲಾಯಿಸಿ ದಿನಾ ಗುಂಡ್ಲುಪೇಟೆಯ ತರಕಾರಿ ಮಂಡಿಗೆ ಬಿಲ್ಲು ಬರೆಯಲು ಹೋಗುವವಳು ಸುಧಾಮಣಿ. ಅಲ್ಲಿಂದ ಕೇರಳಕ್ಕೆ ಟೊಮೆಟೊ ಲಾರಿ ಓಡಿಸುವವನು ಗಿರೀಶ. ಒಂದು ದಿನ ಅವಳು ಉಟ್ಟಿದ್ದ ಹಸಿರು ಸೀರೆ ನೋಡಿ, "ನಮ್ಮವ್ವಂಗೂ ಇಂಥ ಬಣ್ಣನೇ ಇಷ್ಟ ಕಣಮ್ಮಿ" ಎಂದಿದ್ದ. ಲಾರಿ ಓಡಿಸುವವನ ಬಾಯಲ್ಲಿ ಇನ್ನೆಂಥ ಹೊಗಳಿಕೆ ಬಂದೀತು? ಅವಳಿಗೆ ಅಷ್ಟೇ ಸಾಕಾಯಿತು.

ಅದು ದೊಡ್ಡವ್ವನ ಎಡೆಯ ಸೀರೆ. ಪುಟ್ಟಸಿದ್ದಮ್ಮನ ಅಕ್ಕ ಕುಮಾರಿ ಹರೆಯದಲ್ಲೇ ತೀರಿಕೊಂಡವಳು. ಪ್ರತಿ ಮಾರ್ಲಾಮಿಗೂ ಅವಳ ಫೋಟೊಗೆ ಹಾರ ಹಾಕಿ, ಹುರುಳಿಕಾಳಿನ ಉಸ್ಲಿ ಬಡಿಸಿ, ಅವಳ ಇಷ್ಟದ ಹಸಿರು ಸೀರೆ ಇಡುತ್ತಿದ್ದರು. ಹಬ್ಬ ಮುಗಿದ ಮೇಲೆ ಸೀರೆ ಸುಧಾಮಣಿಯ ಪಾಲು. ಪಕ್ಕದ ಎಲೆ ಅವ್ವನ ಅಪ್ಪ, ತಾತ ಚಿಕ್ಕಯ್ಯನದು. ಸುಧಾಮಣಿಯ ಅಪ್ಪ ಮನೆ ಅಳಿಯನಾಗಿ ಬಂದವನಾದ್ದರಿಂದ ತಾತನ ಎಡೆಯೂ ಇಲ್ಲೇ, ಬೀಡಿ ಕಟ್ಟಿನ ಸಮೇತ.

ಬಾಗಿಲು ಮುಚ್ಚುವ ಮುಂಚೆ ಅವಳು ಎಡೆಯ ಫೋಟೊ ತೆಗೆದು ಗಿರೀಶನಿಗೆ ಕಳಿಸಿದ್ದಳು. ಮುಂದಿನ ವರ್ಷ ಅವನೂ ಈ ಜಗಲಿಯಲ್ಲಿ ಕೂರುವವನಲ್ಲವೇ, ನೋಡಿರಲಿ ಅಂತ. ಸ್ವಲ್ಪ ಹೊತ್ತಿಗೇ ಅವನ ಫೋನು ಬಂತು. ಕೊಟ್ಟಿಗೆಯ ಮಗ್ಗುಲಿಗೆ ಎದ್ದು ಹೋದಳು.

"ಸುಧಾ, ಆ ಹುಡ್ಗಿ ಫೋಟೊ ಯಾರ್ದು?"

"ನಮ್ಮ ದೊಡ್ಡವ್ವಂದು. ನಾ ಹುಟ್ಟಕ್ ಮುಂಚೆನೇ ತೀರ್ಕಂಡ್ರು."

ಅವನು ಮತ್ತೆ ಕೇಳಿದ, "ಎಡಗಡೆ ಹುಬ್ಬು ಸೀಳಿರದು ಹೆಂಗೆ?"

"ಚಿಕ್ಕೋಳಿದ್ದಾಗ ಹಸ ಹಾಯ್ದಿತ್ತಂತೆ. ಯಾಕೆ?"

"ಅದು ನಮ್ಮವ್ವ ಕಣಮ್ಮಿ. ಅದೇ ಫೋಟೊ ಅವ್ಳ ಟ್ರಂಕಲ್ಲಿ ಅದೆ. ತವ್ರು ಎಲ್ಲಿ ಅಂದ್ರೆ, ನಂಗ್ಯಾರೂ ಇಲ್ಲ ಅಂತಿದ್ಲು. ಈಗ್ತಾನೆ ನಂಗೆ ರಾಗಿ ಇಟ್ಟು ಬಡಿಸ್ಬುಟ್ಟು ಒಳಕ್ಕೋದ್ಲು."

ಸುಧಾಮಣಿಗೆ ದೊಡ್ಡವ್ವ ಬದುಕಿದ್ದಾಳೆ ಅನ್ನುವುದು ಒಂದು ಪೆಟ್ಟು. ಅದರ ಬೆನ್ನಿಗೇ ಇನ್ನೊಂದು. ಗಿರೀಶ ಅವ್ವನ ಅಣ್ಣತಮ್ಮಂದಿರ ಮಗನಾಗಿದ್ದರೆ ನೆಂಟರೇ ಮುಂದೆ ನಿಂತು ಮದುವೆ ಮಾಡುತ್ತಿದ್ದರು. ಅವ್ವನ ಅಕ್ಕನ ಮಗ ಅಂದರೆ ಒಡಹುಟ್ಟಿದವನ ಲೆಕ್ಕ. ಅವನಿಗೂ ಅದು ಹೊಳೆದಿತ್ತು. ಇಬ್ಬರೂ ಫೋನಿಟ್ಟರು.

ಜಗಲಿಗೆ ಬಂದು ಕೇಳಿದಳು, "ಅವ್ವ, ದೊಡ್ಡವ್ವ ಸತ್ತಿದ್ದನ್ನ ನೀನು ನೋಡಿದ್ಯಾ?"

"ಎಲ್ಲಿ ನೋಡದು? ಲಾರಿ ಡ್ರೈವರ್ ಹಿಂದೆ ಹೋದ್ಲು ಅಂತ ನಮ್ಮಪ್ಪ ಗುಂಡ್ಲುಪೇಟೆಗೆ ಹುಡುಕ್ಕಂಡು ಹೋದ. ಒಬ್ನೇ ಬಂದು, ಜ್ವರ ಬಂದು ಹೋಗ್ಬುಟ್ಲು, ಮಣ್ಣು ಮಾಡ್ಬುಟ್ಟು ಬಂದೆ ಅಂದ. ಎಲ್ರೂ ತಲೆ ಮೇಲೆ ನೀರು ಉಯ್ಕಂಡೊ."

"ಬದ್ಕವ್ರೆ ಕಣವ್ವ. ಗುಂಡ್ಲುಪೇಟೆಲೇ ಅವ್ರೆ. ಎಡೆಲಿರೋ ಫೋಟೊನೇ ಅವ್ರ ಟ್ರಂಕಲ್ಲೂ ಅದಂತೆ."

ಪುಟ್ಟಸಿದ್ದಮ್ಮ ಮಗಳ ಮುಖವನ್ನೇ ನೋಡಿದಳು. ಆಮೇಲೆ ಎದ್ದು, ಯಾರೂ ತೆಗೆಯಬಾರದ ಹೊತ್ತಿನಲ್ಲಿ ಬಾಗಿಲು ದೂಡಿ ಒಳಗೆ ಹೋದಳು. ಅಕ್ಕನ ಫೋಟೊದ ಹಾರ ಕಿತ್ತೆಸೆದು, ಸೀರೆ ಎತ್ತಿ ಎದೆಗೆ ಒತ್ತಿಕೊಂಡಳು. ಚಿಕ್ಕಯ್ಯನ ಫೋಟೊ ಕಡೆ ತಿರುಗಿ, "ನನ್ ಕೈಲಿ ಇಂಥ ಕೆಲ್ಸ ಮಾಡಿಸ್ಬುಟ್ಯಲ್ಲಪ್ಪ" ಅಂದಳು. ಅಳುತ್ತಲೇ ನಗುತ್ತಿದ್ದಳು. ಅವ್ವನ ಮುಖದಲ್ಲಿ ಅಂಥ ಸಂತೋಷವನ್ನು ಸುಧಾಮಣಿ ಹುಟ್ಟಿದಾಗಿನಿಂದ ಕಂಡಿರಲಿಲ್ಲ.

"ನಾಳಿಕೇ ಹೋಗನ. ಈ ಸೀರೆ ಅವ್ಳಿಗೇ ಕೊಡನ. ನಿಂಗ್ಯಾರಮ್ಮಿ ಯೋಳ್ದೋರು?"

"ಅವ್ರ ಮಗ. ಗಿರೀಶ ಅಂತ."

"ಅಕ್ಕಂಗೆ ಮಗ ಅವ್ನಾ? ನಿಂಗೆಂಗೆ ಗೊತ್ತು ಅವ್ನು?"

ಬೆಳಗಿನಿಂದ ಕಟ್ಟಿಟ್ಟುಕೊಂಡಿದ್ದ ಮಾತು ಬಾಯಿ ತನಕ ಬಂತು. ಸುಧಾಮಣಿ ಅದನ್ನು ನುಂಗಿಕೊಂಡಳು.

"ಮಂಡಿಗೆ ಬತ್ತನೆ ಕಣವ್ವ," ಎಂದಳು. "ನಂಗೆ ಅಣ್ಣ ಆಗ್ಬೇಕು."