ಸಫಾರಿ ಜೀಪಿಗೆ ನಾಲ್ಕು ನಿಂಬೆಹಣ್ಣು

ಅಮೆರಿಕದ ಗೈದರ್ಸ್‌ಬರ್ಗಿನ ಕನ್ನಡಿಗರಲ್ಲಿ ಯಾರೇ ಹೊಸ ಕಾರು ಕೊಂಡರೂ ಮೊದಲ ಫೋನು ವನಜಾಕ್ಷಿ ಆಂಟಿಗೆ. ನಲವತ್ತು ವರ್ಷ ಲ್ಯಾಬಿನಲ್ಲಿ ವೈರಸ್ಸುಗಳ ಜೊತೆ ಏಗಿದ ವಿಜ್ಞಾನಿ. ಆದರೂ ಚಕ್ರದಡಿ ನಿಂಬೆಹಣ್ಣು ಇಡದೆ ಯಾವ ಗಾಡಿಯನ್ನೂ ಹೊರಡಗೊಟ್ಟವರಲ್ಲ.

ನಿವೃತ್ತಿಯಾದ ವರ್ಷ ಗಂಡ ಪದ್ಮನಾಭ ಆಂಟಿಯನ್ನು ಆಫ್ರಿಕಾದ ಜಾಂಬಿಯಾದ ಕಾಡಿಗೆ ಸಫಾರಿಗೆಂದು ಕರೆದೊಯ್ದರು. ಪುಟ್ಟ ವಿಮಾನವೊಂದು ಇಳಿಸಿಹೋದ ಆ ಕ್ಯಾಂಪಿನಲ್ಲಿ ಡೇರೆಯೊಳಗೇ ಬಾತ್‌ಟಬ್ಬು. ಸುತ್ತ ಎಲ್ಲೂ ಊರಿಲ್ಲ. ಕಿತ್ತಳೆ, ನಿಂಬೆ ತರಬೇಡಿ, ಆನೆಗಳು ವಾಸನೆ ಹಿಡಿದು ಬರುತ್ತವೆ ಎಂದು ಕ್ಯಾಂಪಿನವರು ಮೊದಲೇ ಬರೆದಿದ್ದರು. ಅದು ತಿನ್ನುವವರಿಗೆ ಹೇಳಿದ್ದು ಎಂದುಕೊಂಡ ಆಂಟಿ, ನಾಲ್ಕು ನಿಂಬೆಹಣ್ಣನ್ನು ಕಾಲುಚೀಲದಲ್ಲಿ ಸುತ್ತಿ ತಂದಿದ್ದರು.

ಬೆಳಗ್ಗೆ ಗೈಡ್ ಕಾಫಿ ಕುಡಿಯುತ್ತಿದ್ದಾಗ ಅವನ್ನು ಜೀಪಿನ ಚಕ್ರಗಳಡಿ ಇಟ್ಟರು. ಜೀಪು ನಾಲ್ಕನ್ನೂ ಅಪ್ಪಚ್ಚಿ ಮಾಡಿ ಹತ್ತು ಮಾರು ಹೋಗಿತ್ತೋ ಇಲ್ಲವೋ, ಪೊದೆ ಸರಿಸಿಕೊಂಡು ಬಂದ ಸಲಗವೊಂದು ಅಡ್ಡ ನಿಂತಿತು. ಗೈಡ್ ಎಂಜಿನ್ ಆರಿಸಿದ. ಸಲಗ ಸೊಂಡಿಲು ಚಾಚಿ, ಒಂದೊಂದೇ ಚಕ್ರವನ್ನು ಸಾವಕಾಶವಾಗಿ ಮೂಸಿತು.

"ಏನೇ ಮಾಡಿದೆ?" ಪದ್ಮನಾಭ ಪಿಸುಗುಟ್ಟಿದರು.

"ಸೇಫ್ಟಿಗೆ ಅಂತ ಇಟ್ಟೆ ಕಣ್ರೀ," ಎಂದರು ಆಂಟಿ, ಸೀಟಿನಡಿ ಇಳಿಯುತ್ತಾ.

ಸಲಗ ಜೀಪಿನ ಹಿಂದಕ್ಕೆ ಹೋಗಿ, ನೆಲಕ್ಕಂಟಿದ್ದ ನಾಲ್ಕನ್ನೂ ಹುಡುಕಿ ತಿಂದು, ತನ್ನ ದಾರಿ ಹಿಡಿಯಿತು.

ಗೈದರ್ಸ್‌ಬರ್ಗಿನಲ್ಲಿ ಈಗಲೂ ಹೊಸ ಕಾರುಗಳಿಗೆ ಆಂಟಿಯೇ ನಿಂಬೆಹಣ್ಣು ಇಡುತ್ತಾರೆ. ಆದರೆ ಇಟ್ಟಮೇಲೆ ರಸ್ತೆಯ ಆ ತುದಿ, ಈ ತುದಿ ಎರಡನ್ನೂ ಚೆನ್ನಾಗಿ ನೋಡಿಯೇ "ಹೂಂ, ಈಗ ಹೊರಡಿ" ಎನ್ನುತ್ತಾರೆ.