ಕೆಲಸ ಬಿಟ್ಟು ಹೋದವಳು

ಕೌಂಟರಿನ ಫೋನು ರಿಂಗಾದರೆ ಸಾಕು, ಅವಳು ಬರೆಯುತ್ತಿದ್ದ ಹೆಸರನ್ನು ಅರ್ಧಕ್ಕೇ ಬಿಟ್ಟು ಅದನ್ನೇ ನೋಡುತ್ತಿದ್ದಳು. ಹಲ್ಲಿನ ಕ್ಲಿನಿಕ್ಕಿನ ಕೌಂಟರಿನಲ್ಲಿ ಕೂತವಳಿಗೆ ಫೋನೇ ಅನ್ನ. ಬೆಳಗ್ಗೆ ಹತ್ತರಿಂದ ರಾತ್ರಿ ಎಂಟರವರೆಗೆ ಅದು ಬಡಿದುಕೊಳ್ಳುತ್ತಲೇ ಇದ್ದರೆ ಕ್ಲಿನಿಕ್ಕು ಚೆನ್ನಾಗಿ ನಡೆಯುತ್ತಿದೆ ಎಂದರ್ಥ. ಆದರೆ ಕೈ ಚಾಚುವುದಕ್ಕೂ ರಿಸೀವರ್ ಕಿವಿಗೆ ತಾಗುವುದಕ್ಕೂ ನಡುವಿನ ಆ ಒಂದು ಗಳಿಗೆಯಲ್ಲಿ ಅವಳು ದಿನಕ್ಕೆ ನಲವತ್ತು ಸಲ ಸತ್ತು ಹುಟ್ಟುತ್ತಿದ್ದಳು. ಹಲ್ಲುನೋವಿನವರೋ, ಅವರೋ?

ಅವರು ಎಂದರೆ ಕ್ರೆಡಿಟ್ ಕಾರ್ಡಿನ ಬಾಕಿ ವಸೂಲಿಯವರು.

ಕ್ಲಿನಿಕ್ಕಿನಲ್ಲಿ ಎಲ್ಲರೂ ಅವಳನ್ನು ಕರೆಯುವುದು ಕೌಂಟರಕ್ಕ ಎಂದು. ಅಕ್ಕ ಅನ್ನಿಸಿಕೊಳ್ಳುವ ವಯಸ್ಸೇನಲ್ಲ, ಇನ್ನೂ ಮೂವತ್ತು ತುಂಬಿಲ್ಲ. ಎರಡು ವರ್ಷದ ಮಗಳಿದ್ದಾಳೆ. ನಾಳೆ ಬರಬೇಕಾದ ರೋಗಿಗಳಿಗೆ ಇವತ್ತೇ ಫೋನು ಮಾಡಿ ನೆನಪಿಸುವುದು ಅವಳ ಮುಖ್ಯ ಕೆಲಸ. ಡ್ರಿಲ್ಲಿಗೆ ಹೆದರುವ ಜನ ಹೇಳುವ ಸುಳ್ಳುಗಳೆಲ್ಲ ಅವಳಿಗೆ ಬಾಯಿಪಾಠ. ಊರಲ್ಲಿಲ್ಲ, ಅತ್ತೆಗೆ ಹುಷಾರಿಲ್ಲ, ನೋವು ತಾನಾಗಿಯೇ ಹೋಯಿತು. ಒಬ್ಬ ನಿವೃತ್ತ ಮೇಷ್ಟ್ರಂತೂ ತಮ್ಮದೇ ಗೊಗ್ಗರು ದನಿಯಲ್ಲಿ, "ಅವರು ಮನೇಲಿಲ್ಲಮ್ಮ, ಬಂದ ಮೇಲೆ ಹೇಳ್ತೀನಿ" ಎಂದು ಇಟ್ಟುಬಿಟ್ಟಿದ್ದರು. ಆ ದಿನ ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಿದ್ದಳು. ತನ್ನ ಬಾಯಿಂದಲೇ ತಾನಿಲ್ಲ ಅನ್ನುವವರೂ ಇರುತ್ತಾರಾ ಎಂದು ನರ್ಸಿನ ಹತ್ತಿರ ಹೇಳಿಕೊಂಡು ಮತ್ತೆ ನಕ್ಕಿದ್ದಳು. ಅವರಿವರನ್ನು ನೋಡಿ ನಕ್ಕರೆ ಅದು ಸುತ್ತಿ ನಮ್ಮ ಕಾಲ ಬುಡಕ್ಕೇ ಬರುತ್ತದೆ ಅಂತ ಹಿರಿಯರು ಸುಮ್ಮನೆ ಹೇಳುವುದಿಲ್ಲ.

ಕಾರ್ಡಿನ ಕತೆ ಶುರುವಾಗಿದ್ದು ಮಗಳಿಂದ. ಮಗಳು ಆರು ವಾರ ಮುಂಚೆಯೇ ಹುಟ್ಟಿ ಹನ್ನೊಂದು ದಿನ ಗಾಜಿನ ಪೆಟ್ಟಿಗೆಯಲ್ಲಿದ್ದಳು. ಆಸ್ಪತ್ರೆಯ ಬಿಲ್ಲೆಲ್ಲ ಕಾರ್ಡಿನಲ್ಲೇ ಕಟ್ಟಿದ್ದರು. ಮಗು ಮನೆಗೆ ಬಂದಾಗ ತೂಕ ಎರಡು ಕಿಲೋ. ಕಾರ್ಡಿನ ಬಾಕಿಯ ತೂಕ ಮಾತ್ರ ಯಾರಿಂದಲೂ ಎತ್ತಲಾಗದಷ್ಟಾಗಿತ್ತು. ಪ್ರತಿ ತಿಂಗಳ ಬಿಲ್ಲಿನಲ್ಲೂ ಎರಡು ಅಂಕಿ ಇರುತ್ತಿದ್ದವು, ಒಂದು ದೊಡ್ಡದು, ಒಂದು ಸಣ್ಣದು. ಸಣ್ಣದನ್ನು ಕಟ್ಟಿದರೂ ಸಾಕು ಎಂದು ಬರೆದಿತ್ತು. ಅವಳು ಅದನ್ನೇ ಕಂತು ಎಂದುಕೊಂಡಳು. ಹದಿನಾಲ್ಕು ತಿಂಗಳು, ಒಂದು ದಿನವೂ ತಪ್ಪದೆ, ಕೆಲವೊಮ್ಮೆ ಗಡುವಿಗೆ ಎರಡು ದಿನ ಮುಂಚೆಯೇ ಕಟ್ಟಿ ನೆಮ್ಮದಿಯಾಗಿ ನಿದ್ದೆ ಮಾಡಿದಳು. ಶಾಲೆಯಲ್ಲಿ ಚಕ್ರಬಡ್ಡಿಯ ಲೆಕ್ಕಕ್ಕೆ ಅವಳಿಗೆ ಪೂರ್ತಿ ಅಂಕ ಬಂದಿತ್ತು. ಆದರೆ ಅದು ಪುಸ್ತಕದ ಯಾವನೋ ವ್ಯಾಪಾರಿಯ ಸಾಲ. ತನ್ನದೂ ಅದೇ ಲೆಕ್ಕ ಎಂದು ಹೊಳೆಯಲೇ ಇಲ್ಲ.

ಲೆಕ್ಕ ಹಾಕಿದ್ದು ಗಂಡ. ಅವನು ಲಿಫ್ಟ್ ರಿಪೇರಿಯವನು, ಯಾವುದನ್ನೂ ಬಿಚ್ಚಿ ನೋಡದೆ ಬಿಡುವ ಜಾತಿಯಲ್ಲ. ಒಂದು ಭಾನುವಾರ ಮಗುವಿನ ಔಷಧಿ ಡಬ್ಬಿಯ ಹಿಂದೆ ಗೀಚಿ ಗೀಚಿ, ಪೆನ್ನನ್ನು ಮೇಜಿನ ಮೇಲಿಟ್ಟು ಹೇಳಿದ.

"ಹೊಳೇಲಿ ಹುಣಸೆಹಣ್ಣು ಕಿವುಚಿದೀವಿ ಕಣೇ. ಅಸಲು ಅಲ್ಲೇ ಕೂತಿದೆ. ಮೂಗಿಗಿಂತ ಮೂಗುತಿ ಭಾರ."

ಬೈದಿದ್ದರೆ ಅವಳಿಗೆ ಎಷ್ಟೋ ಸುಲಭವಾಗುತ್ತಿತ್ತು. ಅವನು ಬೈಯಲಿಲ್ಲ. ಮುಂದಿನ ತಿಂಗಳೇ ಅವನ ಭುಜದ ಕೀಲು ತಪ್ಪಿ ಮೂರು ತಿಂಗಳು ಮನೆಯಲ್ಲಿ ಕೂರಬೇಕಾಯಿತು. ಆಗ ಆ ಸಣ್ಣ ಅಂಕಿಯೂ ನಿಂತುಹೋಯಿತು. ಅವನು ಮತ್ತೆ ಕೆಲಸಕ್ಕೆ ಹೋಗುವ ಹೊತ್ತಿಗೆ ಬಾಕಿ ಮಾತಾಡುವ ಹಂತ ದಾಟಿತ್ತು, ಅಥವಾ ಅವಳು ಹಾಗೆ ಅಂದುಕೊಂಡಳು. ಫೋನುಗಳು ಹೆಚ್ಚಾದಾಗ ಅವಳು ಮೊಬೈಲ್ ನಂಬರ್ ಬದಲಿಸಿದಳು. ಕಾರ್ಡಿನ ಅರ್ಜಿಯಲ್ಲಿ 'ಕಚೇರಿಯ ದೂರವಾಣಿ' ಎಂಬ ಜಾಗದಲ್ಲಿ ಏನು ತುಂಬಿದ್ದೆ ಎಂಬುದು ಮರೆತೇಹೋಗಿತ್ತು. ಅಲ್ಲಿ ತುಂಬಿದ್ದು ಇದೇ ಕೌಂಟರಿನ ನಂಬರು.

ಮೊದಲ ಸಲ ಅಲ್ಲಿಗೆ ಫೋನು ಬಂದಾಗ ಆಚೆಯಿಂದ ಕೇಳಿದ್ದು ಒಬ್ಬ ಹುಡುಗಿಯ ದನಿ. ಕೌಂಟರಕ್ಕನ ಪೂರ್ತಿ ಹೆಸರು ಹೇಳಿ, ಇದ್ದಾರಾ ಎಂದು ಕೇಳಿದಳು. ಕೌಂಟರಕ್ಕನ ನಾಲಿಗೆ ಅವಳನ್ನು ಕೇಳದೆಯೇ ಹೊರಳಿತು.

"ಅವರು ಕೆಲಸ ಬಿಟ್ಟು ಹೋದ್ರಲ್ಲ."

ಹುಡುಗಿ ಮುಂದಿನ ಮಂಗಳವಾರವೂ ಫೋನು ಮಾಡಿದಳು. ಹೊಸ ನಂಬರೇನಾದರೂ ಸಿಕ್ಕಿತಾ, ಯಾವ ಕಡೆ ಹೋದರು ಎಂದು ವಿಚಾರಿಸಿದಳು. ಒಂದು ಸುಳ್ಳು ಮುಚ್ಚಲು ಹತ್ತು ಬೇಕಲ್ಲ. ಮೊದಲನೇ ವಾರ ಕೆಲಸ ಬಿಟ್ಟವಳು ಎರಡನೇ ವಾರ ತವರಿಗೆ ಹೋದಳು, ಮೂರನೇ ವಾರ ಅವಳ ಗಂಡನಿಗೆ ಬೇರೆ ಊರಿನಲ್ಲಿ ಕೆಲಸ ಸಿಕ್ಕಿತು. ನಾಲ್ಕನೇ ವಾರ ಹುಡುಗಿ, "ಪಾಪ, ಅವರಿಗೆ ಒಳ್ಳೇದಾಗಿದೆ ಅನ್ನಿ" ಎಂದಳು. ಕೌಂಟರಕ್ಕನಿಗೆ ತಾನೇ ಕಟ್ಟಿದ ಆ ಇನ್ನೊಬ್ಬಳ ಮೇಲೆ ಸಣ್ಣಗೆ ಹೊಟ್ಟೆಕಿಚ್ಚಾಯಿತು. ಐದನೇ ವಾರ ಹುಡುಗಿ ಹಿಂದೆಮುಂದೆ ನೋಡುತ್ತ ತನ್ನ ದವಡೆ ಹಲ್ಲಿನ ವಿಷಯ ತೆಗೆದಳು. ದಿನವಿಡೀ ಮಾತಾಡುವ ಕೆಲಸವಂತೆ, ಸಂಜೆಗೆ ದವಡೆ ಊದಿಕೊಳ್ಳುತ್ತದಂತೆ. ಉಪ್ಪುನೀರು ಮುಕ್ಕಳಿಸಿ, ಲವಂಗದ ಎಣ್ಣೆ ಹಚ್ಚಿ, ಎಕ್ಸ್‌ರೇ ಮಾತ್ರ ತಪ್ಪಿಸಬೇಡಿ ಎಂದು ಕೌಂಟರಕ್ಕ ಮನಸಾರೆ ಹೇಳಿಕೊಟ್ಟಳು. ಆಮೇಲಿಂದ ಹುಡುಗಿ ಅವಳನ್ನು ಮೇಡಂ ಅನ್ನುವುದು ಬಿಟ್ಟು ಅಕ್ಕ ಅನ್ನತೊಡಗಿದಳು. ಬೈದರೆ ತಿರುಗಿ ಬೈಯಬಹುದು, ಹೆದರಿಸಿದರೆ ಫೋನು ಕುಕ್ಕಬಹುದು. ಅಕ್ಕ ಅನ್ನುವ ವಸೂಲಿಯವಳನ್ನು ಏನು ಮಾಡುವುದು?

ಹೀಗೆ ಎರಡು ತಿಂಗಳು ಕಳೆದವು. ಒಂದು ಸೋಮವಾರ ಮಧ್ಯಾಹ್ನ ಡಾಕ್ಟರಮ್ಮ ಗ್ಲೋವ್ಸ್ ಕಳಚುತ್ತ ಅವಳನ್ನು ಒಳಗೆ ಕರೆದರು. ಬರುವ ತಿಂಗಳು ಅವರ ಇನ್ನೊಂದು ಕ್ಲಿನಿಕ್ಕು ಶುರುವಾಗಲಿತ್ತು. ಅದು ಅವಳ ಮನೆಯಿಂದ ಮೂರು ಬೀದಿ ಆಚೆ. ಸಂಜೆ ಐದಕ್ಕೆ ಬಾಗಿಲು ಹಾಕುತ್ತಾರೆ. ಅಲ್ಲಿಯ ಕೌಂಟರು, ಹಣದ ಪೆಟ್ಟಿಗೆ ಎಲ್ಲ ಅವಳೇ ನೋಡಿಕೊಳ್ಳಬೇಕು, ಸಂಬಳ ಸ್ವಲ್ಪ ಹೆಚ್ಚು.

"ನೀನಲ್ಲದೆ ಇನ್ಯಾರಮ್ಮ ನನಗೆ" ಎಂದರು ಡಾಕ್ಟರಮ್ಮ. "ಒಂದೇ ಒಂದು ಕಾಗದ ಬೇಕಂತೆ. ಹಣ ಮುಟ್ಟೋರದ್ದು ಕ್ರೆಡಿಟ್ ರಿಪೋರ್ಟ್ ಇರಲೇಬೇಕು ಅಂತಾನೆ ನಮ್ಮ ಲೆಕ್ಕದವನು. ಹೋದ ವರ್ಷ ಔಷಧಿ ಸ್ಟೋರಿನವನು ಕೈಕೊಟ್ಟು ಹೋದ್ನಲ್ಲ, ಆವಾಗಿಂದ ಅವನಿಗೆ ಗೋಡೆ ಮೇಲೂ ಅನುಮಾನ. ಶುಕ್ರವಾರದೊಳಗೆ ಕೊಟ್ಟುಬಿಡು."

ಸಂಜೆ ಐದು. ಅವಳಿಗೆ ಸಂಬಳದ ಮಾತು ಕಿವಿಗೇ ಬೀಳಲಿಲ್ಲ. ಈಗ ಅವಳು ಮನೆ ಮುಟ್ಟುವಾಗ ಎಂಟೂಮುಕ್ಕಾಲು. ಮೇಲಿನ ಮನೆಯ ಅಜ್ಜಿಯ ಹಾಸಿಗೆಯಿಂದ ನಿದ್ದೆಹೋದ ಮಗಳನ್ನು ಎತ್ತಿಕೊಂಡು ಬರುವುದೇ ಅವಳ ತಾಯ್ತನ. ಮಗಳು ಮೊದಲು ನಡೆದಿದ್ದು ಅಜ್ಜಿಯ ಮುಂದೆ. ಹೋದ ವಾರ ಎಚ್ಚರವಾದ ಮಗು ಕತ್ತಲಲ್ಲಿ ಅವಳ ಮುಖ ಮುಟ್ಟಿ, ಅಜ್ಜಿ ಎಂದು ಕರೆದಿತ್ತು.

ಉಪಕರಣ ಕುದಿಸುವ ಕೋಣೆಯಲ್ಲಿ, ರೋಗಿಗಳ ಹೆಸರು ಚೀಟಿ ಅಂಟಿಸಿದ ಪ್ಲಾಸ್ಟರಿನ ಹಲ್ಲಚ್ಚುಗಳ ಮುಂದೆ ನಿಂತು ಅವಳು ಮೊಬೈಲಿನಲ್ಲಿ ತನ್ನ ರಿಪೋರ್ಟು ತೆರೆದಳು. ಸಾಲದ ಅಂಕ ತೋರಿಸುವ ಕೆಂಪು ಬಣ್ಣದ ಅರ್ಧ ಚಕ್ರ, ಅದರ ತಳದಲ್ಲಿ ಬಿದ್ದುಕೊಂಡ ಮುಳ್ಳು. ಕೆಳಗೆ ತಿಂಗಳಿಗೊಂದು ಚೌಕ: ಹದಿನಾಲ್ಕು ಹಸಿರು, ಆಮೇಲೆ ಸಾಲಾಗಿ ಕೆಂಪು. ತಪ್ಪದೆ ಕಟ್ಟಿದ ಆ ಹದಿನಾಲ್ಕು ತಿಂಗಳು ಹಸಿರಾಗಿಯೇ ಇರುವುದನ್ನು ನೋಡಿ ಅವಳಿಗೆ ಅಳು ಬಂತು. ಹೊರಗೆ ಫೋನು ರಿಂಗಾಗುತ್ತಿತ್ತು.

ಮಾರನೇ ಬೆಳಗ್ಗೆ, ಮಗುವಿಗೆ ಬ್ರೆಡ್ಡು ಹಾಲಿನಲ್ಲಿ ಅದ್ದಿ ತಿನ್ನಿಸುತ್ತ, ಗಂಡನಿಗೆ ವಿಷಯ ಹೇಳಿದಳು. ರಿಪೋರ್ಟು ಕೊಡದೆ ಹೇಗಾದರೂ ತಪ್ಪಿಸಿಕೊಳ್ಳಬಹುದಾ ಎಂದೂ ಕೇಳಿದಳು. ಹೊಸ ಕೆಲಸ ಬೇಡ ಅಂದುಬಿಟ್ಟರೆ ಯಾರೂ ಏನೂ ಕೇಳುವುದಿಲ್ಲವಲ್ಲ. ಅವನು ಬೂಟಿನ ದಾರ ಕಟ್ಟುತ್ತಿದ್ದ, ಪೂರ್ತಿ ನೆಟ್ಟಗಾಗದ ಭುಜಕ್ಕೆ ಅದೂ ಒಂದು ದೊಡ್ಡ ಕೆಲಸ.

"ಬೇಡ ಅಂದ್ರೆ ಯಾಕೆ ಬೇಡ ಅಂತ ಕೇಳ್ತಾರೆ. ಆಗ ಇನ್ನೊಂದು ಕತೆ ಕಟ್ಟಬೇಕು. ನಿನ್ ಕೈಲಿ ಆಗುತ್ತಾ?"

ಆಗುವುದಿಲ್ಲ ಎಂದಳು. ಕತೆ ಕಟ್ಟಿ ಕಟ್ಟಿ ಸಾಕಾಗಿದೆ ಎಂದಳು. ಯಾವ ಕತೆ ಎಂದು ಅವನು ತಲೆಯೆತ್ತಿದ. ಆಗಲೇ ಅವಳು ಕೆಲಸ ಬಿಟ್ಟು ಹೋದವಳ ವಿಷಯ ಬಾಯಿಬಿಟ್ಟಿದ್ದು. ಅವನು ಅರ್ಧ ಕಟ್ಟಿದ ದಾರ ಹಿಡಿದುಕೊಂಡು ಅವಳನ್ನೇ ನೋಡಿದ. ನಕ್ಕಾನು ಅಂದುಕೊಂಡಳು, ನಗಲಿಲ್ಲ. ನನಗೆ ಬೇರೆ ಊರಲ್ಲಿ ಸಂಬಳ ಎಷ್ಟು ಕೊಡಿಸಿದೀಯ ಎಂದಷ್ಟೇ ಕೇಳಿ, ಎದ್ದು ಹೋದ.

ಅದು ಮಂಗಳವಾರ. ಮಧ್ಯಾಹ್ನ ಎರಡಕ್ಕೆ ಹುಡುಗಿಯ ಫೋನು ಬಂತು. ದನಿ ಎಂದಿನಂತೆ ಮೆತ್ತಗಿದ್ದರೂ ಅವಸರವಿತ್ತು.

"ಅಕ್ಕ, ಇದು ನನ್ನ ಕೊನೇ ಫೋನು. ಅವರು ಕೆಲಸ ಬಿಟ್ಟಿದ್ದಾರೆ, ಎಲ್ಲಿದ್ದಾರೋ ಗೊತ್ತಿಲ್ಲ ಅಂತ ಬರೆದು ಫೈಲು ಮುಗಿಸ್ತಿದೀನಿ. ನಾಳೆಯಿಂದ ಅದು ಬೇರೆಯವರ ಟೇಬಲ್ಲಿಗೆ ಹೋಗುತ್ತೆ. ಅವರು ಮನೆ ಬಾಗಿಲಿಗೆ ಬರೋರು, ನನ್ನ ಹಾಗೆ ಮಾತಾಡಲ್ಲ."

ಕೌಂಟರಕ್ಕ ಹೂಂ ಎಂದಳು. ಎದುರಿನ ಬೆಂಚಿನಲ್ಲಿ, ಅಪಾಯಿಂಟ್‌ಮೆಂಟ್ ಇಲ್ಲದೆ ಬಂದಿದ್ದ, ಕೆನ್ನೆ ಊದಿದ ಒಬ್ಬ ಚಾಲಕ ತನ್ನ ಸರದಿಗೆ ಕಾಯುತ್ತಿದ್ದ.

"ಒಂದು ದಾರಿ ಇತ್ತು" ಎಂದಳು ಹುಡುಗಿ. "ಆದಾಯ ಇರೋರು ತಾವಾಗೇ ಫೋನ್ ಮಾಡಿ ಕೇಳಿದ್ರೆ ಬಡ್ಡಿ ನಿಲ್ಲಿಸಿ ಕಂತು ಮಾಡಿಕೊಡ್ತೀವಿ. ಒಪ್ಪಂದದ ಪತ್ರ ಅವತ್ತೇ ಕಳಿಸ್ತೀವಿ. ರಿಪೋರ್ಟಿನ ಕೆಂಪು ಈಗಲೇ ಹೋಗಲ್ಲ, ಆದ್ರೆ ತೀರಿಸ್ತಿದ್ದಾರೆ ಅನ್ನೋದಕ್ಕೆ ಕೈಯಲ್ಲೊಂದು ಕಾಗದ ಇರುತ್ತೆ. ಕೆಲಸ ಇಲ್ಲದೋರಿಗೆ ಅದನ್ನ ಕೊಡೋಕೆ ಬರಲ್ಲ. ಆರು ಗಂಟೆವರೆಗೆ ಇರ್ತೀನಿ. ಅವರೆಲ್ಲಾದ್ರೂ ಸಿಕ್ಕಿದ್ರೆ ಹೇಳಿ."

ನಂಬರು ಹೇಳಿದಳು, ನಿಧಾನವಾಗಿ, ಎರಡು ಸಲ. ಹುಡುಗಿಗೆ ನಿಜ ಗೊತ್ತಿದೆಯೋ ಏನೋ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವಳಿಗೆ ಎಲ್ಲರ ದನಿಯಲ್ಲೂ ಅನುಮಾನವೇ ಕೇಳುತ್ತದೆ. ತನ್ನನ್ನು ಉಳಿಸಲಿ ಎಂದು ಹೇಳಿದ ಸುಳ್ಳೇ ಉಳಿಯುವ ದಾರಿಗೆ ಅಡ್ಡ ಮಲಗಿದೆ ಎಂಬುದು ಅವಳಿಗೆ ನಿಧಾನವಾಗಿ ತಿಳಿಯಿತು. ಕಂತು ಕೇಳಬೇಕಾದರೆ ಕೆಲಸ ಇರಬೇಕು. ಅವಳ ಕೆಲಸವನ್ನು ಅವಳೇ ಕಸಿದುಕೊಂಡಿದ್ದಾಳೆ.

ಮೂರು ಗಂಟೆಗೆ ಒಂದು ಹುಳುಕು ಹಲ್ಲು ಕಿತ್ತರು. ನಾಲ್ಕಕ್ಕೆ ಮಗುವೊಂದು ಕುರ್ಚಿ ಹತ್ತಲು ಒಪ್ಪದೆ ಕ್ಲಿನಿಕ್ಕೆಲ್ಲ ಓಡಾಡಿತು. ಅವಳು ನಾಳೆಯ ಹನ್ನೆರಡು ಜನರಿಗೆ ಫೋನು ಮಾಡಿ ನೆನಪಿಸಿದಳು. ಇಬ್ಬರು ಊರಲ್ಲಿಲ್ಲ ಎಂದರು. ಐದಾಯಿತು, ಚಾಲಕನನ್ನು ಕೊನೆಗೂ ಒಳಗೆ ಕರೆದರು. ಕೈ ಫೋನಿನ ಹತ್ತಿರ ಹೋಗಿ ಪೆನ್ನು ಎತ್ತಿಕೊಂಡು ವಾಪಸ್ಸು ಬರುತ್ತಿತ್ತು. ಬೇರೆ ದನಿಯಲ್ಲಿ ಮಾತಾಡಿದರೆ ಹೇಗೆ, ಸ್ವಲ್ಪ ಮೂಗಿನಲ್ಲಿ? ಗಂಡನ ಕೈಲಿ ಮಾಡಿಸಿದರೆ? ಈ ಯೋಚನೆಗಳಿಗೂ ಈಗ ತ್ರಾಣವಿರಲಿಲ್ಲ. ನಾಚಿಕೆಗಿಂತ ಸುಸ್ತು ದೊಡ್ಡದಾಗಿತ್ತು. ಕೊನೆಗೆ ಕೈ ಹಿಡಿದಿದ್ದು ಆ ಸುಸ್ತೇ ಇರಬೇಕು.

ಐದೂನಲವತ್ತಕ್ಕೆ ಅವಳು ಅದೇ ಕೌಂಟರಿನ ಫೋನಿನಿಂದ ಆ ನಂಬರು ಒತ್ತಿದಳು. ಎರಡನೇ ರಿಂಗಿಗೇ ಹುಡುಗಿ ಎತ್ತಿದಳು. ಅವಳು ತನ್ನ ಪೂರ್ತಿ ಹೆಸರು ಹೇಳಿದಳು. ತವರಿನ ಹೆಸರೂ ಸೇರಿಸಿ, ಅರ್ಜಿಯಲ್ಲಿದ್ದ ಹಾಗೆಯೇ.

ಆಚೆ ಕಡೆ ಕಾಗದ ಮಗುಚಿದ ಸದ್ದಾಯಿತು. ಆಮೇಲೆ ಹುಡುಗಿ, ಮೊದಲ ದಿನದ ದನಿಯಲ್ಲಿ, ಯಾರನ್ನೂ ಅಕ್ಕ ಎಂದು ಕರೆದೇ ಇಲ್ಲದವಳಂತೆ ಕೇಳಿದಳು.

"ಹೇಳಿ ಮೇಡಂ. ಈಗ ಎಲ್ಲಿ ಕೆಲಸ ಮಾಡ್ತಿದ್ದೀರಿ? ಬರ್ಕೋಬೇಕು."

ಹಣ ಕಟ್ಟಲು ಬಂದ ಚಾಲಕ ಕೌಂಟರಿನ ಆಚೆ, ಬಾಯಲ್ಲಿ ಹತ್ತಿ ಕಚ್ಚಿಕೊಂಡು ನಿಂತಿದ್ದ. ಒಂದು ನಿಮಿಷ ಎಂದು ಅವನಿಗೆ ಬೆರಳು ತೋರಿಸಿದಳು. ದನಿ ತಗ್ಗಿಸಲಿಲ್ಲ.

"ಅಲ್ಲೇ. ಅದೇ ಹಲ್ಲಿನ ಕ್ಲಿನಿಕ್ಕಲ್ಲಿ, ಕೌಂಟರಲ್ಲಿ. ಕೆಲಸ ಬಿಟ್ಟೇ ಇಲ್ಲ. ಇಷ್ಟು ದಿನ ಮಾತಾಡ್ತಿದ್ದಿದ್ದೂ ನಾನೇ."